ಉತ್ತರ ಬಾರದ ಆದೇಶ: ದೂರದ ಕ್ಯೂ, ನಮ್ಮ ಪ್ರೋಗ್ರಾಂ

ಹೈದರಾಬಾದ್, ಪುಣೆ, ಡಾಲಸ್, ಎಲ್ಲಿಂದ ನೋಡ್ತಿದ್ದೀರೋ ಅಲ್ಲಿಂದಲೇ ಕನ್ನಡದಲ್ಲಿ ಕಾಮೆಂಟ್ ಹಾಕ್ತಾ ಇರಿ. ನಾನು ಮಾತಾಡ್ತಿರೋದು ವಿಜಯವಾಡದ ಪಕ್ಕದ ಕೊಂಡಪಲ್ಲಿಯಿಂದ. ಮರದ ಬೊಂಬೆಗೆ ಹೆಸರಾದ ಊರು. ನನ್ನ ಕೆಲಸ ಮಾತ್ರ ಕಣ್ಣಿಗೆ ಕಾಣದ ಸರ್ವರ್‌ಗಳ ಮೇಲೆ. ಇವತ್ತಿನ ವಿಷಯ: ಮೆಸೇಜ್ ಕ್ಯೂ ಒಂದನ್ನ ದೂರದಿಂದ, ಪ್ರೋಗ್ರಾಂ ಮೂಲಕ ನಿರ್ವಹಿಸೋದು.

ಐಬಿಎಂ ಎಂಕ್ಯೂ ತಗೊಳ್ಳೋಣ. 1993ರಲ್ಲಿ ಎಂಕ್ಯೂಸೀರೀಸ್ ಅಂತ ಬಂದದ್ದು, ಬ್ಯಾಂಕ್ ಪ್ರಾಜೆಕ್ಟ್‌ಗೆ ಹೋದವರಿಗೆಲ್ಲ ಗೊತ್ತು. ಇದರಲ್ಲಿ ನನಗೆ ತುಂಬಾ ಇಷ್ಟವಾದ ಸಂಗತಿ ಅಂದ್ರೆ, ಕ್ಯೂ ನಿರ್ವಹಿಸೋ ಆದೇಶ ಕೂಡ ಒಂದು ಮೆಸೇಜೇ. ನಿಮ್ಮ ಪ್ರೋಗ್ರಾಂ ಪಿಸಿಎಫ್ ಅನ್ನೋ ರೂಪದಲ್ಲಿ ಆದೇಶ ಬರೆದು ಸಿಸ್ಟಂ.ಅಡ್ಮಿನ್.ಕಮಾಂಡ್.ಕ್ಯೂ ಅನ್ನೋ ಕ್ಯೂಗೆ ಹಾಕುತ್ತೆ. ಆ ಕಡೆ ಕಮಾಂಡ್ ಸರ್ವರ್ ಅದನ್ನ ಎತ್ತಿಕೊಂಡು, ಕೆಲಸ ಮಾಡಿ, ನೀವು ಹೇಳಿದ ರಿಪ್ಲೈ ಕ್ಯೂಗೆ ಉತ್ತರ ಹಾಕುತ್ತೆ. ನೀವು ಕಳಿಸಿದ ಮೆಸೇಜ್ ಐಡಿಯೇ ಉತ್ತರದಲ್ಲಿ ಕೊರಿಲೇಷನ್ ಐಡಿ ಆಗಿ ವಾಪಸ್ ಬರುತ್ತೆ. ಯಾವ ಉತ್ತರ ಯಾವ ಪ್ರಶ್ನೆಗೆ ಅಂತ ಗೊತ್ತಾಗೋದು ಅದರಿಂದಲೇ.

ಇಲ್ಲಿನ ಕೊಂಡಪಲ್ಲಿ ಸ್ಟೇಷನ್ ಕಾಜೀಪೇಟ್–ವಿಜಯವಾಡ ಲೈನಿನಲ್ಲಿದೆ. ರೈಲ್ವೆಯ ಹಳೇ ಬ್ಲಾಕ್ ಪದ್ಧತಿಯಲ್ಲಿ, ಮುಂದಿನ ಸ್ಟೇಷನ್ನಿನವರು ಲೈನ್ ಕ್ಲಿಯರ್ ಕೊಡದೆ ಗಾಡಿ ಬಿಡೋ ಹಾಗಿಲ್ಲ. ಫೋನಿನಲ್ಲಿ ಕೇಳಬೇಕಾಗಿ ಬಂದ್ರೆ, ಮಾತು ಖಚಿತ ಅನ್ನೋದಕ್ಕೆ ಒಂದು ಪ್ರೈವೇಟ್ ನಂಬರ್ ಕೊಡ್ತಾರೆ. ಅದೇ ಕೊರಿಲೇಷನ್ ಐಡಿ ಅಂದ್ಕೊಳ್ಳಿ. ವ್ಯತ್ಯಾಸ ಒಂದೇ. ಉತ್ತರ ಬರದಿದ್ರೆ ಸ್ಟೇಷನ್ ಮಾಸ್ಟರ್ ಗಾಡಿ ಬಿಡಲ್ಲ. ನಮ್ಮ ಪ್ರೋಗ್ರಾಂಗಳು ಉತ್ತರ ಬರದಿದ್ರೆ ಅದೇ ಆದೇಶವನ್ನ ಇನ್ನೂ ಮೂರು ಸಲ ಕಳಿಸ್ತವೆ!

ಇದು ತಮಾಷೆಗೆ ಹೇಳಿದ್ದಲ್ಲ. ನಾನು ಸಪೋರ್ಟ್ ಕೊಡ್ತಿದ್ದ ಒಂದು ಕಂಪನಿ, ಹೆಸರು ಬೇಡ. ಹಿಂದಿನ ದಿನ ಉಳಿದ ಮೆಸೇಜ್‌ಗಳನ್ನ ತೆಗೆಯೋಕೆ ಅವರ ಪ್ರೋಗ್ರಾಂ ದಿನಾ ರಾತ್ರಿ ದೂರದಿಂದ 'ಕ್ಯೂ ಖಾಲಿ ಮಾಡು' ಅಂತ ಆದೇಶ ಕಳಿಸ್ತಿತ್ತು. ಒಂದು ರಾತ್ರಿ ಮೇಂಟೆನೆನ್ಸ್‌ಗೆ ಅಂತ ಕಮಾಂಡ್ ಸರ್ವರ್ ನಿಲ್ಲಿಸಿದ್ರು. ಪ್ರೋಗ್ರಾಂ ಕೇಳಿತು, ಉತ್ತರ ಇಲ್ಲ. ಮತ್ತೆ ಕೇಳಿತು, ಇಲ್ಲ. 'ಟೈಮ್‌ಔಟ್, ವಿಫಲ' ಅಂತ ಲಾಗ್ ಬರೆದು ಮಲಗಿತು. ಆದರೆ ಆದೇಶಗಳು ವಿಫಲ ಆಗಿರಲಿಲ್ಲ, ಕಮಾಂಡ್ ಕ್ಯೂನಲ್ಲಿ ಸಾಲಾಗಿ ಕಾಯ್ತಾ ಕೂತಿದ್ವು. ಬೆಳಿಗ್ಗೆ ಯಾರೋ ಕಮಾಂಡ್ ಸರ್ವರ್ ಶುರು ಮಾಡಿದ್ರು. ಅಷ್ಟೊತ್ತಿಗೆ ಕ್ಯೂನಲ್ಲಿ ಹೊಸ ದಿನದ ರೀಫಂಡ್ ಮೆಸೇಜ್‌ಗಳು ಬಂದಿದ್ವು, ಅವನ್ನ ಓದೋ ಪ್ರೋಗ್ರಾಂ ಇನ್ನೂ ಎದ್ದಿರಲಿಲ್ಲ. ರಾತ್ರಿಯ ಆದೇಶ ಬೆಳಿಗ್ಗೆ ಜಾರಿ ಆಯ್ತು. ಎಲ್ಲೂ ಎರರ್ ಇಲ್ಲ, ಡೆಡ್ ಲೆಟರ್ ಕ್ಯೂನಲ್ಲೂ ಏನಿಲ್ಲ. ಮಧ್ಯಾಹ್ನ 'ನಮ್ಮ ದುಡ್ಡೆಲ್ಲಿ' ಅಂತ ಫೋನ್‌ಗಳು ಶುರುವಾದವು. ಕಳಿಸಿದ ಕಡೆಯ ದಾಖಲೆ ಹಿಡಿದು ಒಂದೊಂದೇ ತಾಳೆ ನೋಡಿ ಮತ್ತೆ ಕಳಿಸೋಕೆ ಎರಡು ದಿನ ಹಿಡೀತು.

ಇದಕ್ಕೆ ಮದ್ದು ಮೆಸೇಜಿನ ಹೆಡರ್‌ನಲ್ಲೇ ಇದೆ, ಎಕ್ಸ್‌ಪೈರಿ. ಅದರ ಲೆಕ್ಕ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ. 30 ಸೆಕೆಂಡ್ ಬೇಕಂದ್ರೆ 300 ಅಂತ ಕೊಡಬೇಕು. 30 ಕೊಟ್ರೆ ಮೂರೇ ಸೆಕೆಂಡ್. ನೀವು ಉತ್ತರಕ್ಕೆ ಎಷ್ಟು ಹೊತ್ತು ಕಾಯ್ತೀರೋ ಆದೇಶದ ಆಯಸ್ಸೂ ಅಷ್ಟೇ ಇರಲಿ. ಲೈಬ್ರರಿ ಬಳಸ್ತಿದ್ರೆ ಅದು ಯಾವ ಬೆಲೆ ಹಾಕುತ್ತೆ ಅಂತ ಇವತ್ತೇ ತೆರೆದು ನೋಡಿ.

ಅಷ್ಟಾದ್ರೂ ಒಂದು ಸಂದಿ ಉಳಿಯುತ್ತೆ. ಆದೇಶ ಜಾರಿಯಾಗಿ, ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಗಬಹುದು. ಹಾಗಾಗಿ ಪ್ರೋಗ್ರಾಂನಲ್ಲಿ 'ಆಯ್ತು', 'ಆಗಲಿಲ್ಲ' ಅಂತ ಎರಡೇ ದಾರಿ ಇದ್ರೆ ಸಾಲದು. 'ಗೊತ್ತಿಲ್ಲ' ಅನ್ನೋ ಮೂರನೇದೂ ಬೇಕು. ಗೊತ್ತಿಲ್ಲ ಅಂತಾದಾಗ ಮತ್ತೆ ಖಾಲಿ ಮಾಡಬೇಡಿ. ಕ್ಯೂನ ಡೆಪ್ತ್ ಕೇಳಿ. ವಿಚಾರಿಸೋ ಆದೇಶ ಹತ್ತು ಸಲ ಕಳಿಸಿದ್ರೂ ಯಾರ ದುಡ್ಡೂ ಹೋಗಲ್ಲ.

ಎಂಕ್ಯೂ ಸ್ವಲ್ಪ ಕಾಯುತ್ತೆ ನಿಜ. ಕಮಿಟ್ ಆಗದ ಮೆಸೇಜ್ ಇದ್ರೆ ಖಾಲಿ ಮಾಡಲ್ಲ, 2055 ಅಂತ ಕೋಡ್ ಕೊಡುತ್ತೆ. ಅದರ ಅರ್ಥ 'ಕ್ಯೂ ಖಾಲಿ ಇಲ್ಲ'. ಅಯ್ಯೋ, ಖಾಲಿ ಇಲ್ಲ ಅಂತಾನೇ ತಾನೇ ಖಾಲಿ ಮಾಡು ಅಂದದ್ದು!

ರ‍್ಯಾಬಿಟ್‌ಎಂಕ್ಯೂ ಬಳಸೋರಿಗೆ ಒಂದು ಮಾತು. ಅಲ್ಲಿ ಮ್ಯಾನೇಜ್‌ಮೆಂಟ್ ಪ್ಲಗಿನ್ ಹಾಕಿದ್ರೆ 15672 ಪೋರ್ಟ್‌ನಲ್ಲಿ ಎಚ್‌ಟಿಟಿಪಿ ಮೂಲಕವೇ ಆದೇಶ ಕೊಡಬಹುದು. ಸುಲಭ. ಆದರೆ ಪರ್ಜ್ ಮಾಡಿದಾಗ ಹೋಗೋದು ಸಿದ್ಧವಾಗಿ ಕಾಯ್ತಿರೋ ಮೆಸೇಜ್ ಮಾತ್ರ. ಕನ್ಸ್ಯೂಮರ್ ಕೈಗೆ ಹೋಗಿ ಇನ್ನೂ ಅಕ್ನಾಲೆಜ್ ಆಗದೇ ಇರೋದು ಹಾಗೇ ಇರುತ್ತೆ. ಕನೆಕ್ಷನ್ ಬಿದ್ರೆ ಅದು ಕ್ಯೂಗೆ ವಾಪಸ್.

ಇನ್ನು 2035, ಅಂದ್ರೆ ಅನುಮತಿ ಇಲ್ಲ. ಎಂಕ್ಯೂ 7.1ರಿಂದ ದೂರದಿಂದ ಅಡ್ಮಿನ್ ಆಗಿ ಬರೋರನ್ನ ಚಾನೆಲ್ ನಿಯಮಗಳೇ ತಡೀತವೆ. ಇದನ್ನ ಕಂಡ ಕೂಡಲೇ ನಿಯಮಗಳನ್ನೇ ಆಫ್ ಮಾಡೋ ಉಪಾಯ ಹೇಳೋರು ಪ್ರತಿ ಟೀಮಿನಲ್ಲೂ ಒಬ್ಬರಿರ್ತಾರೆ. ಕೇಳಬೇಡಿ. ಪ್ರೋಗ್ರಾಂಗೆ ಅಂತಾನೇ ಬೇರೆ ಬಳಕೆದಾರ, ಬೇರೆ ಚಾನೆಲ್ ಮಾಡಿ. ಡೆಪ್ತ್ ನೋಡೋ ಪ್ರೋಗ್ರಾಂಗೆ ಖಾಲಿ ಮಾಡೋ ಹಕ್ಕು ಯಾಕೆ ಬೇಕು?

ಈ ವಾರ ಟೆಸ್ಟ್ ಸರ್ವರ್‌ನಲ್ಲಿ ಒಂದು ಕೆಲಸ ಮಾಡಿ. ಕಮಾಂಡ್ ಸರ್ವರ್ ನಿಲ್ಲಿಸಿ, ನಿಮ್ಮ ಪ್ರೋಗ್ರಾಂ ಓಡಿಸಿ. ಅದು ಕೈಚೆಲ್ಲಿದ ಮೇಲೆ ಕ್ಯೂಗೆ ನಾಲ್ಕು ಹೊಸ ಮೆಸೇಜ್ ಹಾಕಿ, ಒಂದು ಕಾಫಿ ಕುಡಿದು ಬಂದು ಕಮಾಂಡ್ ಸರ್ವರ್ ಶುರು ಮಾಡಿ. ನಾಲ್ಕರಲ್ಲಿ ಎಷ್ಟು ಉಳಿದವು ಅಂತ ಕೆಳಗೆ ಕಾಮೆಂಟ್‌ನಲ್ಲಿ ಬರೀರಿ.