ಒಂದು ಹನಿಯ ವ್ಯತ್ಯಾಸ



ಹೋದ ಮಳೆಗಾಲದಲ್ಲಿ ರೈತರೊಬ್ಬರು ಮಗಳನ್ನು ಕರೆದುಕೊಂಡು ನನ್ನಲ್ಲಿಗೆ ಬಂದರು. ಕೈಯಲ್ಲಿ ಎಂಆರ್‌ಐ ಫಿಲಂಗಳ ಕವರ್, ಅದು ನೆನೆಯದಿರಲೆಂದು ಮೇಲೊಂದು ಗೊಬ್ಬರದ ಚೀಲ. "ಸಾಲ ಮಾಡಿ ಸ್ಕ್ಯಾನಿಂಗ್ ಮಾಡ್ಸಿದೀನಿ ಸಾರ್. ನಾರ್ಮಲ್ ಅಂತ ಬಂದದೆ. ಇವ್ಳಿಗೆ ಏನೂ ಇಲ್ಲ, ಸುಮ್ನೆ ಬಿದ್ಕೊಂಡಿರ್ತಾಳೆ" ಎಂದರು. ಹುಡುಗಿ ತಲೆ ಎತ್ತಲಿಲ್ಲ. ಬದುಕೇ ಬೇಡವೆನಿಸಿದೆ ಎಂದು, ತಂದೆ ಹೊರಗೆ ಹೋದ ಮೇಲೆ ಹೇಳಿದಳು. ಕವರಿನೊಳಗಿದ್ದ 'ನಾರ್ಮಲ್' ಎಂಬ ಒಂದು ಪದ ಅವಳ ನೋವನ್ನು ಸುಳ್ಳು ಮಾಡಿಬಿಟ್ಟಿತ್ತು.

ಖಿನ್ನತೆಯಲ್ಲಿ ಮಿದುಳಿನ ರಚನೆ ಬೇರೆಯಾಗಿರುತ್ತದೆಯೇ? ಹೌದು. ನೆನಪುಗಳನ್ನು ಕಟ್ಟಿಕೊಡುವ, ಕಡಲಕುದುರೆಯ ಆಕಾರದ ಹಿಪೊಕ್ಯಾಂಪಸ್ ಪದೇಪದೇ ಖಿನ್ನತೆಗೆ ಒಳಗಾದವರಲ್ಲಿ ಚಿಕ್ಕದಾಗಿದೆ ಎಂದು ಅಮೆರಿಕದ ಈವೆಟ್ ಶೆಲೈನ್ ಮತ್ತು ಸಂಗಡಿಗರು 1996ರಲ್ಲೇ ತೋರಿಸಿದರು. ಅವರು ನೋಡಿದ್ದು ಹತ್ತು ರೋಗಿಗಳನ್ನು. ಇಪ್ಪತ್ತು ವರ್ಷಗಳ ನಂತರ, 2016ರಲ್ಲಿ, ಹಲವು ದೇಶಗಳ ಸಂಶೋಧಕರು ಸೇರಿದ ಎನಿಗ್ಮಾ ತಂಡ 1,728 ರೋಗಿಗಳನ್ನು 7,199 ಆರೋಗ್ಯವಂತರೊಂದಿಗೆ ಹೋಲಿಸಿತು. ಫಲಿತಾಂಶ ಅದೇ. ಆದರೆ ವ್ಯತ್ಯಾಸ ಎಷ್ಟು? ಸರಾಸರಿ ಶೇಕಡ 1.24.

ಈ ಅಂಕಿಯ ಮುಂದೆ ಸ್ವಲ್ಪ ನಿಲ್ಲೋಣ. ಒಂದು ಬದಿಯ ಹಿಪೊಕ್ಯಾಂಪಸ್ ಒಂದು ಟೀ ಚಮಚವನ್ನೂ ತುಂಬದು, ನಾಲ್ಕು ಮಿಲಿಲೀಟರಿಗಿಂತ ತುಸು ಕಡಿಮೆ. ಅದರಲ್ಲಿ ಶೇಕಡ 1.24 ಎಂದರೆ ಒಂದು ಹನಿ ನೀರು. ಅಷ್ಟು ಅಂತರ ಆರೋಗ್ಯವಂತರಾದ ಇಬ್ಬರು ಅಕ್ಕತಂಗಿಯರ ನಡುವೆಯೂ ಇದ್ದೀತು. ಸಾವಿರಾರು ಜನರನ್ನು ಒಟ್ಟು ಸೇರಿಸಿದಾಗ ಕಾಣುವ ಆ ಹನಿ, ನಮ್ಮೆದುರು ಕುಳಿತ ಒಬ್ಬಳ ಫಿಲಂನಲ್ಲಿ ಕಾಣಸಿಗುವುದಿಲ್ಲ. 2022ರಲ್ಲಿ ಜರ್ಮನಿಯ ಸಂಶೋಧಕರು ಸುಮಾರು 1,800 ಜನರ ಮಿದುಳಿನ ಹಲವು ಬಗೆಯ ಅಳತೆಗಳನ್ನು ಪರೀಕ್ಷಿಸಿದರು. ಯಾವುದೇ ಒಂದು ಅಳತೆಯಿಂದ ರೋಗಿ ಯಾರು, ಅಲ್ಲದವರು ಯಾರು ಎಂದು ಗುರುತಿಸಹೋದರೆ ನೂರಕ್ಕೆ 54ರಿಂದ 56 ಮಾತ್ರ ಸರಿಯಾಗುತ್ತಿತ್ತು. ನಾಣ್ಯ ಚಿಮ್ಮಿದರೂ ಐವತ್ತು ಸರಿ ಬರುತ್ತದಲ್ಲ!

ಹಾಗೆಂದು ಆ ಹನಿಯನ್ನು ಕಡೆಗಣಿಸಬೇಡಿ. ನನ್ನನ್ನು ತುಂಬಾ ಕಾಡಿರುವ ಸಂಗತಿ ಅಲ್ಲೇ ಇದೆ. ಎನಿಗ್ಮಾ ಅಧ್ಯಯನದಲ್ಲಿ ಮೊದಲ ಬಾರಿ ಖಿನ್ನತೆ ಬಂದವರ ಹಿಪೊಕ್ಯಾಂಪಸ್ ಕುಗ್ಗಿರಲಿಲ್ಲ; ಮರುಕಳಿಸಿದವರಲ್ಲಿ, 21 ವರ್ಷದೊಳಗೇ ಆರಂಭವಾದವರಲ್ಲಿ ಕುಗ್ಗಿತ್ತು. ದೀರ್ಘಕಾಲದ ಒತ್ತಡದಲ್ಲಿ ನರಕೋಶಗಳ ಕವಲುಗಳು ಮುದುಡುವುದನ್ನು ಪ್ರಾಣಿಗಳಲ್ಲಿ ಕಂಡಿದ್ದೇವೆ. ಒತ್ತಡದಲ್ಲಿ ಹೆಚ್ಚುವ ಕಾರ್ಟಿಸೋಲ್ ಹಾರ್ಮೋನಿಗೆ ಸ್ಪಂದಿಸುವ ಗ್ರಾಹಕಗಳು ಹಿಪೊಕ್ಯಾಂಪಸ್‌ನಲ್ಲಿ ಧಾರಾಳ. ಚಿಕ್ಕ ಹಿಪೊಕ್ಯಾಂಪಸ್ ಇದ್ದವರಿಗೇ ಕಾಯಿಲೆ ಮರುಕಳಿಸುತ್ತದೆ ಎಂದೂ ವಾದಿಸಬಹುದು, ಒಂದೇ ಸಲ ತೆಗೆದ ಚಿತ್ರ ಆ ಪ್ರಶ್ನೆಯನ್ನು ಬಗೆಹರಿಸದು. ಆದರೂ ಮೊದಲ ಸಲವೇ ಗುಣಪಡಿಸಿ, ಮತ್ತೆ ಬರದಂತೆ ಕಾಯಬೇಕೆನ್ನಲು ನನಗೆ ಇಷ್ಟು ಸಾಕು. ನಮ್ಮಲ್ಲಿ ಆಗುತ್ತಿರುವುದೇನು? ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಸಾಮಾನ್ಯ ಮಾನಸಿಕ ಕಾಯಿಲೆಗಳಿದ್ದ ನೂರರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಮನೋವೈದ್ಯ ಮಿತ್ರರೇ, ಸ್ಕ್ಯಾನ್ ಬೇಡವೆನ್ನುತ್ತಿಲ್ಲ. ಇಳಿವಯಸ್ಸಿನಲ್ಲಿ ಮೊದಲ ಬಾರಿ ಖಿನ್ನತೆ ಬಂದರೆ, ಫಿಟ್ಸ್ ಇದ್ದರೆ, ಕೈಕಾಲಿನ ಬಲ ಕುಂದಿದ್ದರೆ ಖಂಡಿತ ಮಾಡಿಸಿ. ಆದರೆ ಯಾತಕ್ಕೆ ಮಾಡಿಸುತ್ತಿದ್ದೇವೆಂದು ಮನೆಯವರಿಗೆ ಮೊದಲೇ ಹೇಳಿ. ಆ ತಂದೆಗೆ ಹೇಳಬೇಕಾದವರು ಹೇಳಿರಲಿಲ್ಲ. ಕೊನೆಗೆ ನಾನು, "ಯಜಮಾನ್ರೇ, ಮಣ್ಣಿನ ಫೋಟೊ ತೆಗೆದರೆ ಅದರ ಸಾರ ಗೊತ್ತಾಗುತ್ತಾ?" ಎಂದು ಕೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ಮಗಳ ಕಡೆ ತಿರುಗಿ, "ಯಾಕವ್ವಾ ನಂಗೆ ಹೇಳ್ಲಿಲ್ಲ?" ಎಂದರು.

ಮಧ್ಯಾಹ್ನದ ಸಭೆಯಲ್ಲಿ ಒಂದು ಕರಡನ್ನು ನಿಮ್ಮ ಮುಂದಿಡಲಿದ್ದೇನೆ. ಸ್ಕ್ಯಾನಿಗೆ ಬರೆದುಕೊಡುವ ಚೀಟಿಯ ಕೆಳಗೆ ಕನ್ನಡದಲ್ಲಿ ಅಚ್ಚು ಹಾಕಿಸಬೇಕಾದ ಎರಡು ಸಾಲು: 'ಮಿದುಳಿನಲ್ಲಿ ಗಡ್ಡೆ, ರಕ್ತಸ್ರಾವ ಮುಂತಾದ ತೊಂದರೆ ಇದೆಯೇ ಎಂದು ನೋಡಲು ಈ ಪರೀಕ್ಷೆ. ಖಿನ್ನತೆ ಇದೆಯೋ ಇಲ್ಲವೋ ಎಂಬುದನ್ನು ಇದು ಹೇಳುವುದಿಲ್ಲ.' ಪದಗಳು ಹಳ್ಳಿಯವರಿಗೆ ಇನ್ನೂ ತಿಳಿಯಾಗಬೇಕಾದರೆ ತಿದ್ದಿಕೊಡಿ.