ಮೇಲ್ಮಣ್ಣು ಮೊದಲು, ಕಲ್ಲು ಆಮೇಲೆ



ಪುಂಜಾಲಕಟ್ಟೆಯಿಂದ ಮಡಂತ್ಯಾರು ದಾಟಿ ಚಾರ್ಮಾಡಿಯತ್ತ ಹೆದ್ದಾರಿ ಅಗಲವಾಗುತ್ತಿದೆ. ರಸ್ತೆಗೆ ಗ್ರಾವೆಲ್ ಬೇಕು. ಮನೆಗೆ ಕೆಂಪುಕಲ್ಲು ಬೇಕು. 2025ರಲ್ಲಿ ಕೆಂಪುಕಲ್ಲು ಸಿಗದೆ ಜಿಲ್ಲೆಯ ಮೇಸ್ತ್ರಿಗಳೂ ಕೂಲಿಯವರೂ ಕೆಲಸವಿಲ್ಲದೆ ಕುಳಿತದ್ದನ್ನು ಕಂಡಿದ್ದೇವೆ. ಹಾಗಾಗಿ ಕೋರೆ ಬೇಕೋ ಬೇಡವೋ ಎಂಬ ವಾದಕ್ಕೆ ನಾನು ಹೋಗುವುದಿಲ್ಲ. ಕೋರೆ ಮುಗಿದ ಜಾಗ ಊರಿಗೆ ಯಾವ ರೂಪದಲ್ಲಿ ಮರಳಬೇಕೆಂದು ಮೊದಲ ಕಲ್ಲು ಕಡಿಯುವ ಮುನ್ನವೇ ನಿರ್ಧರಿಸುವುದು ಹೇಗೆ? ಈ ವಿಚಾರ ಸಂಕಿರಣದ ಆಶಯ ಅದು.

ಪದವು ಎಂದು ಕರೆಯುವ ನಮ್ಮ ಎತ್ತರದ ಬಯಲುಗಳಲ್ಲಿ ಮುಳಿಹುಲ್ಲು, ಕೇಪಳ, ಕುಂಟನೇರಳೆ ಬೇರೂರಿರುವ ಮಣ್ಣು ಬಹಳ ಕಡೆ ಗೇಣುದ್ದವೂ ಇಲ್ಲ. ಅದರಡಿ ಮುರಕಲ್ಲು, ಅಂದರೆ ಕೆಂಪುಕಲ್ಲು; ಅದರಡಿ ಮೆತ್ತನೆಯ ಶೇಡಿಮಣ್ಣು. ಕಲ್ಲಿದ್ದಲ ಗಣಿಯಲ್ಲಿ ಅಗೆದು ತೆಗೆದ ಬಂಡೆ ಮಣ್ಣನ್ನೇ ಮತ್ತೆ ಗುಂಡಿಗೆ ತುಂಬಬಹುದು. ಇಲ್ಲಿ ಕಡಿದದ್ದೆಲ್ಲ ಲಾರಿ ಹತ್ತುತ್ತದೆ; ಉಳಿಯುವುದು ಕಲ್ಲಿನ ಚೂರು ಮತ್ತು ಆ ತೆಳು ಮೇಲ್ಮಣ್ಣು. ಒಂದು ಎಕರೆಯಲ್ಲಿ 15 ಸೆಂಟಿಮೀಟರ್ ಮಣ್ಣಿದ್ದರೂ ಅದು ಸುಮಾರು 600 ಘನ ಮೀಟರ್. ಅದನ್ನು ಅಂಚಿಗೆ ತಳ್ಳಿಬಿಟ್ಟರೆ ಆಟಿ ತಿಂಗಳ ಮಳೆ ತೋಡಿಗೆ ಇಳಿಸುತ್ತದೆ, ಕೆಳಗಿನ ಅಡಿಕೆ ತೋಟದವನ ಕಣಿಯಲ್ಲಿ ಹೂಳು ತುಂಬುತ್ತದೆ.

ಮಳೆ ನಿಂತು ಒಣಗಿದ ಮೇಲೆ ಈ ಮೇಲ್ಮಣ್ಣನ್ನು ಕೆರೆದು ತೆಗೆಯಬೇಕು. ಒದ್ದೆ ಮಣ್ಣಿನ ಮೇಲೆ ಯಂತ್ರ ಓಡಿದರೆ ಅದು ಬಿಗಿದು ಗಾಳಿ, ನೀರಿನ ದಾರಿ ಮುಚ್ಚುತ್ತದೆ. ಕೆರೆದ ಮಣ್ಣಿನ ರಾಶಿ ತಗ್ಗಾಗಿರಬೇಕು. ಎತ್ತರಕ್ಕೆ ಪೇರಿಸಿ ವರ್ಷಗಟ್ಟಲೆ ಬಿಟ್ಟರೆ ಒಳಗಿನ ಬೀಜ, ಸೂಕ್ಷ್ಮಜೀವಿಗಳು ಗಾಳಿಯಿಲ್ಲದೆ ಸಾಯುತ್ತವೆ. ರಾಶಿಯೇ ಬೇಡವಾದರೆ ಇನ್ನೂ ಲೇಸು. ಗುತ್ತಿಗೆ ಜಾಗವನ್ನು ತುಂಡುಗಳಾಗಿ ವಿಂಗಡಿಸಿ, ಎರಡನೆಯ ತುಂಡಿನ ಮಣ್ಣನ್ನು ಕೆಲಸ ಮುಗಿದ ಮೊದಲ ತುಂಡಿಗೆ ನೇರವಾಗಿ ಹರಡಬಹುದು. ಅದಕ್ಕೂ ಮೊದಲು ಗುಂಡಿಯ ಗಟ್ಟಿ ತಳವನ್ನು ಸಡಿಲಿಸಿ, ಕಲ್ಲಿನ ಚೂರು ಹಾಸಬೇಕು. ಕಡಿದಾದ ಗೋಡೆಗಳನ್ನು ಇಳಿಜಾರಾಗಿಸಬೇಕು. ಮುಂಗಾರಿಗೆ ಸೆಣಬು ಬಿತ್ತಿದರೆ ಮಣ್ಣು ನಿಲ್ಲುತ್ತದೆ. ಪದವಿನ ಗಿಡಗಳು ಆಮೇಲೆ ಬರಲಿ.

ಶೇಡಿಯವರೆಗೆ ಕಡಿಯುವುದು ಮಾತ್ರ ಬೇಡ. ನೀರು ಕುಡಿದ ಶೇಡಿ ಬಲ ಕಳೆದುಕೊಂಡು ಜರಿಯುತ್ತದೆ. ಕೆರೆಯಾಗಿ ಉಳಿಸುವ ಗುಂಡಿಗೆ ಬೇಲಿಯೂ ಹತ್ತಿ ಬರುವ ಮೆಟ್ಟಿಲೂ ಇರಲೇಬೇಕು. ನೀರು ತುಂಬಿದ ಕೋರೆಗಳಲ್ಲಿ ಮಕ್ಕಳನ್ನು ಕಳೆದುಕೊಂಡ ಜಿಲ್ಲೆ ನಮ್ಮದು.

ಕಾನೂನೂ ಇದನ್ನೇ ಕೇಳುತ್ತದೆ. 2012ರ ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಐದು ಹೆಕ್ಟೇರಿಗಿಂತ ಸಣ್ಣ ಉಪಖನಿಜ ಗುತ್ತಿಗೆಗಳಿಗೂ ಪರಿಸರ ಅನುಮತಿ ಬೇಕೆಂದಿತು. ಗಣಿಗಾರಿಕೆ ಮುಗಿದ ನೆಲದಲ್ಲಿ ಮತ್ತೆ ಹುಲ್ಲು ಬೆಳೆಸುವ ಷರತ್ತು ವಿಧಿಸುವಂತೆ 2020ರ ಜನವರಿ 8ರಂದು ಅದೇ ನ್ಯಾಯಾಲಯ ಬೇರೊಂದು ಪ್ರಕರಣದಲ್ಲಿ ಕೇಂದ್ರಕ್ಕೆ ಸೂಚಿಸಿತು. ಹುಲ್ಲಿಗೆ ಮಣ್ಣು ಬೇಕು. ಮಣ್ಣನ್ನು ಮೊದಲೇ ಕಳೆದುಕೊಂಡವನು ಆ ಷರತ್ತನ್ನು ಪಾಲಿಸಲಾರ.

ಇಂದಿನ ಗೋಷ್ಠಿಗಳಿಂದ ನಾನು ಕೇಳುವುದು ಒಂದು ಮಾದರಿ ನಕ್ಷೆ: ಮಣ್ಣಿನ ರಾಶಿ ಎಲ್ಲಿ, ನೀರು ಹರಿಯುವುದೆತ್ತ, ಯಾವ ತುಂಡು ಯಾವ ವರ್ಷ ಹಸಿರಾಗಬೇಕು, ಅದರ ಖರ್ಚು ಯಾರದು. ಸಣ್ಣ ಕೋರೆಯವನಿಗೂ ಓದಲು ಬರುವಂತೆ ಅದು ಕನ್ನಡದಲ್ಲಿ, ಒಂದೇ ಹಾಳೆಯಲ್ಲಿರಲಿ.