ರಾಶಿ ಕಣದಲ್ಲಿ, ಬೆಲೆ ಗಂಜ್‌ನಲ್ಲಿ



ಸಣ್ಣ ರೈತನಿಗೆ ಮಾರುಕಟ್ಟೆ ಎಂದರೇನು ಎಂಬುದನ್ನು ಕುರಿತು ಮಾತನಾಡಲು ನನಗೆ ಹೇಳಿದ್ದೀರಿ. ನಾನು ವರದಿಗಾರ, ಕೃಷಿ ತಜ್ಞನಲ್ಲ. ಆದ್ದರಿಂದ ತಳಿ, ಗೊಬ್ಬರ, ಔಷಧಗಳ ವಿಚಾರಕ್ಕೆ ಹೋಗುವುದಿಲ್ಲ. ಕಣದಲ್ಲಿ ರಾಶಿ ಬಿದ್ದ ದಿನದಿಂದ ರೈತನ ಕೈಗೆ ಹಣ ಬರುವ ದಿನದವರೆಗೆ ಏನೇನು ನಡೆಯುತ್ತದೆ ಎಂಬುದನ್ನಷ್ಟೇ ನಿಮ್ಮ ಮುಂದಿಡುತ್ತೇನೆ. ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರೂ ತಾಲ್ಲೂಕುಗಳ ಹಳ್ಳಿಗಳಿಂದ ಪೇಟೆಗೆ ದಾರಿಯಿದೆ, ಟ್ರ್ಯಾಕ್ಟರ್ ಇದೆ, ರೈತರ ಕೈಯಲ್ಲಿ ಮೊಬೈಲ್ ಕೂಡ ಇದೆ. ಆದರೂ ಬೆಲೆ ಏರುವ ಹೊತ್ತಿಗೆ ಸಣ್ಣ ರೈತನ ಮನೆಯಲ್ಲಿ ಮಾಲು ಇರುವುದಿಲ್ಲ. ಅವನಿಗೆ ಇಲ್ಲದಿರುವುದು ಕಾಯುವ ಶಕ್ತಿ. ನನ್ನ ಮಾತಿನ ತಿರುಳು ಇಷ್ಟೇ.

ಮೊದಲು ಈ ನೆಲದ ಮಾತು. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಈ ಪ್ರದೇಶ ಎಡೆದೊರೆ ನಾಡು. ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ ಅನಂತರ ಬಿಜಾಪುರದವರೂ ಇದಕ್ಕಾಗಿ ಮತ್ತೆ ಮತ್ತೆ ಕಾದಾಡಿದರು. 1520ರ ರಾಯಚೂರು ಯುದ್ಧ ಎಲ್ಲರಿಗೂ ಗೊತ್ತಿರುವುದೇ. ಲಿಂಗಸುಗೂರು ತಾಲ್ಲೂಕಿನ ಮುದಗಲ್ ಕೋಟೆ ಆ ಕದನಗಳನ್ನೆಲ್ಲ ಕಂಡಿದೆ. ಇನ್ನೂ ಹಿಂದೆ ಹೋದರೆ ಮಸ್ಕಿಯ ಬಂಡೆಗಲ್ಲಿನ ಮೇಲೆ ಅಶೋಕನ ಶಾಸನವಿದೆ. 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಅವರ ಕಣ್ಣಿಗೆ ಬಿದ್ದ ಈ ಶಾಸನದಿಂದ ‘ದೇವಾನಾಂಪ್ರಿಯ’ನೆಂದರೆ ಅಶೋಕನೇ ಎಂಬುದು ಖಚಿತವಾಯಿತು. ಆ ಶಾಸನದಲ್ಲಿ ಇನ್ನೊಂದು ಮಾತೂ ಇದೆ. ಶ್ರೇಯಸ್ಸು ದೊಡ್ಡವರಿಗೆ ಮಾತ್ರ ದಕ್ಕುವಂಥದೆಂದು ತಿಳಿಯಬಾರದು, ಸಣ್ಣವರಿಗೂ ದೊಡ್ಡವರಿಗೂ ಇದನ್ನು ಹೇಳಬೇಕು ಎಂಬುದು ಅದರ ಸಾರ. ಅಶೋಕ ಹೇಳಿದ್ದು ಧರ್ಮದ ವಿಚಾರ. ಪೇಟೆಯ ವಿಚಾರದಲ್ಲಿ ಸಣ್ಣವರ ಪಾಡೇನು ಎಂಬುದು ನಮ್ಮ ಕಾಲದ ಪ್ರಶ್ನೆ.

ಈ ಭಾಗ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಆಗಿನ ಪೇಟೆಯಲ್ಲಿ ಖರೀದಿದಾರರು ಬಟ್ಟೆಯ ಅಡಿಯಲ್ಲಿ ಕೈ ಹಿಡಿದು, ಬೆರಳಿನ ಸನ್ನೆಯಿಂದ ಬೆಲೆ ಕೂಗುವ ಪದ್ಧತಿ ದೇಶದ ಹಲವೆಡೆ ಇತ್ತು. ಮಾಲಿನ ಒಡೆಯ ಪಕ್ಕದಲ್ಲೇ ನಿಂತಿದ್ದರೂ ತನ್ನ ಮಾಲಿಗೆ ಯಾರು ಎಷ್ಟು ಕೂಗಿದರೆಂಬುದು ಅವನಿಗೆ ತಿಳಿಯುತ್ತಿರಲಿಲ್ಲ. ಮಾರಾಟ ಮುಗಿದ ಮೇಲೆ ಕಸಕ್ಕೆಂದು, ಮಾದರಿಗೆಂದು, ಧರ್ಮಾದಾಯಕ್ಕೆಂದು ಒಂದೊಂದೇ ಕಡಿತ ಶುರುವಾಗುತ್ತಿತ್ತು. 1928ರಲ್ಲಿ ವರದಿ ಕೊಟ್ಟ ರಾಯಲ್ ಕೃಷಿ ಆಯೋಗ ನಿಯಂತ್ರಿತ ಮಾರುಕಟ್ಟೆಗಳು ಬೇಕೆಂದಿತು. 1930ರಲ್ಲಿ ಹೈದರಾಬಾದ್ ಸಂಸ್ಥಾನ ಕೃಷಿ ಮಾರುಕಟ್ಟೆ ಕಾಯ್ದೆಯನ್ನು ತಂದಿತು. ರಾಯಚೂರಿನ ಮಾರುಕಟ್ಟೆಗೆ ಇಂದಿಗೂ ಜನ ಹೇಳುವುದು ರಾಜೇಂದ್ರ ಗಂಜ್ ಎಂದೇ. ಏಕೀಕರಣದ ನಂತರ, 1966ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಕಾಯ್ದೆಯಾಯಿತು. ಇಂದಿನ ಎಪಿಎಂಸಿಗಳು ಅದರ ಕೂಸುಗಳು.

ಆ ಕಾಯ್ದೆ ರೈತನಿಗೆ ಕೊಟ್ಟದ್ದು ಕಡಿಮೆಯೇನಲ್ಲ. ದಲಾಲಿಯನ್ನು ಖರೀದಿದಾರ ಕೊಡಬೇಕು, ರೈತನಿಂದ ಹಿಡಿಯುವಂತಿಲ್ಲ. ಮಾರುಕಟ್ಟೆ ಶುಲ್ಕವೂ ಖರೀದಿದಾರನದೇ. ಬಂದ ಟೆಂಡರ್ ಬೆಲೆ ಒಪ್ಪಿಗೆಯಾಗದಿದ್ದರೆ ಮಾಲು ಕೊಡೆನೆನ್ನುವ ಹಕ್ಕು ರೈತನಿಗಿದೆ. 2014ರಲ್ಲಿ ರಾಜ್ಯ ಏಕೀಕೃತ ಆನ್‌ಲೈನ್ ಮಾರುಕಟ್ಟೆ ವ್ಯವಸ್ಥೆಯನ್ನು ತಂದಿತು. ಬೇರೆ ಊರಿನ ವ್ಯಾಪಾರಿಯೂ ಕಂಪ್ಯೂಟರ್ ಮೂಲಕ ಟೆಂಡರ್ ಹಾಕಬಹುದಾಯಿತು. 2016ರಲ್ಲಿ ಕೇಂದ್ರದ ಇ–ನ್ಯಾಮ್ ಬಂತು. ಬಟ್ಟೆಯಡಿಯ ಬೆರಳಿನಿಂದ ಕಂಪ್ಯೂಟರ್ ಪರದೆಯವರೆಗೆ ಬಂದದ್ದು ಸಣ್ಣ ಪ್ರಗತಿಯಲ್ಲ.

ಆದರೆ ಈ ಹಕ್ಕುಗಳೆಲ್ಲ ಸಿಗುವುದು ಪ್ರಾಂಗಣದ ಒಳಗೆ. ಸಣ್ಣ ರೈತನ ಭತ್ತ ಅನೇಕ ಸಲ ಪ್ರಾಂಗಣದ ತನಕ ಹೋಗುವುದೇ ಇಲ್ಲ. ಗದ್ದೆಗೆ ಕಟಾವು ಯಂತ್ರ ಬರುತ್ತದೆ, ಅದರ ಬೆನ್ನಿಗೇ ಖರೀದಿದಾರರ ಲಾರಿ ಬರುತ್ತದೆ. ಹಸಿ ಭತ್ತ ಅಲ್ಲೇ ತೂಕವಾಗಿ ಹೋಗಿಬಿಡುತ್ತದೆ. ಒಣಗಿಸೋಣವೆಂದರೆ ಕಣವಿಲ್ಲ. ಡಾಂಬರು ರಸ್ತೆಯ ಮೇಲೆ ಹರಡಬೇಕು, ಆಕಾಶದಲ್ಲಿ ಮೋಡ ಕಂಡರೆ ಎದೆ ಹೊಡೆದುಕೊಳ್ಳುತ್ತದೆ. ಇಟ್ಟುಕೊಳ್ಳೋಣವೆಂದರೆ ಮನೆಯಲ್ಲಿ ಜಾಗವಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಬಿತ್ತನೆ ಕಾಲದಲ್ಲಿ ಉದ್ದರಿ ತಂದ ಗೊಬ್ಬರ, ಔಷಧದ ಬಾಕಿ ಇದೆ. ಹಲವು ಕಡೆ ಉದ್ದರಿ ಕೊಟ್ಟವರೇ ಮಾಲಿನ ಖರೀದಿಗೂ ನಿಲ್ಲುತ್ತಾರೆ. ಸಾಲ ಕೊಟ್ಟವರ ಅಂಗಡಿ ಬಿಟ್ಟು ಬೇರೆ ಕಡೆ ಮಾಲು ಒಯ್ದರೆ ಮುಂದಿನ ವರ್ಷ ಉದ್ದರಿ ಸಿಗದು. ಟೆಂಡರ್ ಒಪ್ಪದಿರುವ ಹಕ್ಕನ್ನು ಕಾಯ್ದೆ ಕೊಟ್ಟಿದೆ ನಿಜ. ಆ ಹಕ್ಕನ್ನು ರೈತ ಬೀಜ ತರುವ ದಿನವೇ ಅಡವಿಟ್ಟಿರುತ್ತಾನೆ.

ಹೀಗೆಂದು ವ್ಯಾಪಾರಿಗಳನ್ನೆಲ್ಲ ಖಳನಾಯಕರೆಂದು ನಾನು ಹೇಳುವುದಿಲ್ಲ. ಬ್ಯಾಂಕು ಕೊಡದ ಹೊತ್ತಿನಲ್ಲಿ, ಆಸ್ಪತ್ರೆಗೋ ಮದುವೆಗೋ ರಾತ್ರೋರಾತ್ರಿ ಹಣ ಕೊಡುವವರೂ ಅವರೇ. ಆ ಸೌಕರ್ಯದ ಬೆಲೆಯನ್ನು ರೈತ ಕಟ್ಟುವುದು ಸುಗ್ಗಿಯಲ್ಲಿ ಎಂಬುದನ್ನು ಮಾತ್ರ ಮರೆಯಬಾರದು.

ಈಗ ಸ್ವಲ್ಪ ಲೆಕ್ಕ ಹಾಕೋಣ. ನಮ್ಮಲ್ಲಿ ಭತ್ತದ ವ್ಯಾಪಾರ 75 ಕೆ.ಜಿ. ಚೀಲದ ಲೆಕ್ಕದಲ್ಲಿ ನಡೆಯುತ್ತದೆ. ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್ ಲೆಕ್ಕದ್ದು. 2025–26ರ ಮುಂಗಾರಿಗೆ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,369 ರೂಪಾಯಿ. ಚೀಲಕ್ಕೆ ಇದು 1,776 ರೂಪಾಯಿ 75 ಪೈಸೆಯಾಗುತ್ತದೆ. ಕಣದಲ್ಲಿ ನಿಂತು ಚೀಲದ ದರ ಕೇಳುವ ರೈತ ಈ ಸಂಖ್ಯೆಯನ್ನು ಬಾಯಿಪಾಠ ಮಾಡಿಕೊಂಡಿರಬೇಕು. ನೂರು ಚೀಲ ಭತ್ತ ಬೆಳೆದವನನ್ನು ತೆಗೆದುಕೊಳ್ಳಿ. ಚೀಲಕ್ಕೆ 2 ಕೆ.ಜಿ. ಕಡಿತವೆಂದರೆ ಒಟ್ಟು 2 ಕ್ವಿಂಟಲ್ ಹೋಯಿತು. ಬೆಂಬಲ ಬೆಲೆಯ ಲೆಕ್ಕದಲ್ಲೇ 4,738 ರೂಪಾಯಿ. ದರದಲ್ಲಿ ಚೀಲಕ್ಕೆ ನೂರು ರೂಪಾಯಿ ಇಳಿದರೆ ಇನ್ನೊಂದು 10,000.

ಹಾಗಾದರೆ ಕಡಿತವೆಲ್ಲ ಮೋಸವೇ? ಅಲ್ಲ. ಭತ್ತದಲ್ಲಿ ಶೇ 17ರವರೆಗೆ ತೇವಾಂಶ ಇರಬಹುದೆಂಬುದು ಸರ್ಕಾರಿ ಖರೀದಿಯ ನಿಯಮ. ಶೇ 20 ತೇವಾಂಶವಿರುವ 100 ಕೆ.ಜಿ. ಭತ್ತವನ್ನು ಶೇ 17ಕ್ಕೆ ಒಣಗಿಸಿದರೆ ಉಳಿಯುವುದು ಸುಮಾರು 96.4 ಕೆ.ಜಿ. ಅಂದರೆ 75 ಕೆ.ಜಿ. ಚೀಲದಲ್ಲಿ 2.7 ಕೆ.ಜಿ. ನೀರಾಗಿ ಹೋಗುತ್ತದೆ. ಅಷ್ಟು ಹಸಿಯಿರುವ ಭತ್ತಕ್ಕೆ ಅಷ್ಟು ಕಡಿತ ನ್ಯಾಯವೇ. ತಕರಾರು ಇರುವುದು ಅಳತೆಯಲ್ಲಿ. ಮುಷ್ಟಿಯಲ್ಲಿ ಹಿಡಿದು, ಹಲ್ಲಿನಲ್ಲಿ ಕಡಿದು ‘ಹಸಿ ಇದೆ’ ಎಂದು ಹೇಳುವವನು ಕೊಳ್ಳುವವನೇ ಆದರೆ, ಒಣಗಿದ ಭತ್ತಕ್ಕೂ ಹಸಿಯ ಕಡಿತವೇ ಬೀಳುತ್ತದೆ. ಊರಿಗೊಂದು ತೇವಾಂಶ ಮಾಪಕ, ಒಂದು ಎಲೆಕ್ಟ್ರಾನಿಕ್ ತಕ್ಕಡಿ ಪಂಚಾಯಿತಿಯ ಬಳಿಯೋ ಸಹಕಾರ ಸಂಘದ ಬಳಿಯೋ ಇದ್ದರೆ ಈ ವಾದ ಐದು ನಿಮಿಷದಲ್ಲಿ ತೀರುತ್ತದೆ.

ಬೆಂಬಲ ಬೆಲೆಯ ಖರೀದಿ ಕೇಂದ್ರವೂ ಎಲ್ಲರಿಗೂ ಒದಗುವುದಿಲ್ಲ. ಅಲ್ಲಿಗೆ ಪಹಣಿ ಬೇಕು, ಫ್ರೂಟ್ಸ್ ನೋಂದಣಿ ಬೇಕು. ಭೂಮಿಯನ್ನು ಲೀಸಿಗೆ ಮಾಡುವವನ ಹೆಸರು ಪಹಣಿಯಲ್ಲಿ ಇರುವುದಿಲ್ಲ. ಗಂಡನ ಹೆಸರಿನ ಹೊಲದಲ್ಲಿ ವರ್ಷವಿಡೀ ದುಡಿಯುವ ಹೆಣ್ಣುಮಗಳ ಹೆಸರೂ ಇರುವುದಿಲ್ಲ. ಕೇಂದ್ರ ತೆರೆಯುವುದು ತಡವಾದರೆ, ಹಣ ಜಮೆಯಾಗುವುದು ತಡವಾದರೆ, ಕಾಯಲಾರದವನು ಅಷ್ಟರಲ್ಲಿ ಮಾರಿರುತ್ತಾನೆ. ಮತ್ತೆ ಅದೇ ಕಾಯುವ ಮಾತು.

ಇಲ್ಲಿಯವರೆಗೆ ಹೇಳಿದ್ದು ಹೆಚ್ಚಾಗಿ ಸಿಂಧನೂರಿನ ಭತ್ತದ ಕಥೆ. 1953ರಲ್ಲಿ ತುಂಗಭದ್ರಾ ನೀರು ಹರಿಯಲು ಶುರುವಾದ ಮೇಲೆ ಎಡದಂಡೆ ಕಾಲುವೆ ಈ ತಾಲ್ಲೂಕಿನ ರೂಪವನ್ನೇ ಬದಲಿಸಿತು. ಆಂಧ್ರದಿಂದ ಬಂದವರ ಕ್ಯಾಂಪುಗಳು ಎದ್ದವು, ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರೂ ಇಲ್ಲಿ ನೆಲೆಸಿದರು, ಅಕ್ಕಿ ಗಿರಣಿಗಳು ಬಂದವು. ಯೋಜನೆ ರೂಪಿಸಿದವರ ಮನಸ್ಸಿನಲ್ಲಿದ್ದದ್ದು ಬಹುಪಾಲು ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆ. ನೆಲದಲ್ಲಿ ಬಂದದ್ದು ಭತ್ತ. ಮೇಲ್ಭಾಗದವರಿಗೆ ನೀರು, ಕೊನೆಯ ಭಾಗದವರಿಗೆ ಜಗಳ ಎಂಬ ಸ್ಥಿತಿ ಅಲ್ಲಿಂದ ಬಂದದ್ದು. 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ ಸುಮಾರು 105 ಟಿಎಂಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟ್ ಕೊಚ್ಚಿಹೋದಾಗ ಇಡೀ ಸೀಮೆಯ ರೈತರು ನಿದ್ದೆಗೆಟ್ಟದ್ದು ನಮಗೆ ನೆನಪಿದೆ. ಎರಡನೇ ಬೆಳೆಗೆ ನೀರು ಸಿಗುವುದೋ ಇಲ್ಲವೋ ಎಂಬ ಅನುಮಾನ ಇರುವವನು ಮೊದಲ ಬೆಳೆಯ ಹಣವನ್ನು ಬೇಗ ಕೈಗೆ ಮಾಡಿಕೊಳ್ಳಲು ನೋಡುವುದು ಸಹಜ.

ಲಿಂಗಸುಗೂರು, ಮಸ್ಕಿಯ ಚಿತ್ರ ಬೇರೆ. ಲಿಂಗಸುಗೂರಿನ ಒಂದು ಭಾಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆಯ ನೀರಿದೆ, ಉಳಿದದ್ದು ಮಳೆಯನ್ನೇ ನಂಬಿದ ಹೊಲ. ಮೊದಲು ಲಿಂಗಸುಗೂರಿಗೇ ಸೇರಿದ್ದ ಮಸ್ಕಿ ಈಗ ಪ್ರತ್ಯೇಕ ತಾಲ್ಲೂಕು. ಅದೇ ಬಲದಂಡೆಯ 5ಎ ಶಾಖಾ ಕಾಲುವೆಗಾಗಿ 2020ರಲ್ಲಿ ಪಾಮನಕಲ್ಲೂರಿನಲ್ಲಿ ರೈತರು ಧರಣಿ ಕುಳಿತದ್ದನ್ನು ಪತ್ರಿಕೆಗಳಲ್ಲಿ ಓದಿದ್ದೀರಿ. ಇಲ್ಲಿ ತೊಗರಿ, ಸಜ್ಜೆ, ಹತ್ತಿ ಮುಖ್ಯ. ಒಬ್ಬೊಬ್ಬರ ಮಾಲು ಕೆಲವೇ ಚೀಲ. ಐದು ಚೀಲ ತೊಗರಿಗೆ ಟ್ರ್ಯಾಕ್ಟರ್ ಬಾಡಿಗೆ ಕೊಟ್ಟು ಗಂಜ್‌ಗೆ ಹೋಗುವುದು ಗಿಟ್ಟುವುದಿಲ್ಲ, ಊರಲ್ಲೇ ಕೊಟ್ಟುಬಿಡುತ್ತಾರೆ. ಹತ್ತಿಯನ್ನು ಭಾರತೀಯ ಹತ್ತಿ ನಿಗಮ ಕೊಳ್ಳಬೇಕಾದರೆ ತೇವಾಂಶ ಶೇ 12 ಮೀರಬಾರದು, ಶೇ 8ಕ್ಕಿಂತ ಹೆಚ್ಚಾದಂತೆ ಬೆಲೆ ಇಳಿಯುತ್ತದೆ. ತೊಗರಿಯ ದರವಂತೂ ನಮ್ಮ ಮಳೆಯ ಮೇಲಷ್ಟೇ ನಿಂತಿಲ್ಲ. ಮ್ಯಾನ್ಮಾರ್, ಮೊಜಾಂಬಿಕ್ ದೇಶಗಳಿಂದ ಹಡಗು ಬಂದರೆ ಅದರ ಬಿಸಿ ಇಲ್ಲಿಗೂ ತಟ್ಟುತ್ತದೆ. 2015ರಲ್ಲಿ ಬೇಳೆ ಗಗನಕ್ಕೇರಿತೆಂದು ಎಲ್ಲರೂ ತೊಗರಿ ಬಿತ್ತಿದರು. 2017ರ ಆರಂಭದಲ್ಲಿ ದರ ಬೆಂಬಲ ಬೆಲೆಗಿಂತ ಕೆಳಗೆ ಬಿತ್ತು.

2020ರಲ್ಲಿ ಕೇಂದ್ರ ತಂದ ಮೂರು ಕೃಷಿ ಕಾಯ್ದೆಗಳು ಭಾರಿ ಹೋರಾಟದ ನಂತರ 2021ರಲ್ಲಿ ರದ್ದಾದವು. ಎಪಿಎಂಸಿ ಒಳಗೋ ಹೊರಗೋ ಎಂದು ಆಗ ಬಹಳ ಚರ್ಚೆಯಾಯಿತು. ಚರ್ಚೆ ಬೇಕಾದ್ದೇ. ಆದರೆ ಕಣದಲ್ಲೇ ಮಾರುವವನಿಗೆ ಒಳಗೂ ಒಂದೇ, ಹೊರಗೂ ಒಂದೇ. ಅವನಿಗೆ ಮೊದಲು ಎರಡು ತಿಂಗಳ ಉಸಿರು ಬೇಕು.

ಅದನ್ನು ಕೊಡುವ ದಾರಿ ಹೊಸದಾಗಿ ಹುಡುಕಬೇಕಾಗಿಲ್ಲ. ಮಾನ್ಯತೆ ಪಡೆದ ಗೋದಾಮಿನಲ್ಲಿ ಮಾಲು ಇಟ್ಟು, ಅದರ ರಸೀದಿಯ ಮೇಲೆ ಸಾಲ ಪಡೆಯಲು 2007ರ ಉಗ್ರಾಣ ಕಾಯ್ದೆ ಅವಕಾಶ ಕೊಟ್ಟಿದೆ. ಕಿಸಾನ್ ಕ್ರೆಡಿಟ್ ಕಾರ್ಡ್ ಇರುವ ಸಣ್ಣ ರೈತರಿಗೆ ಸುಗ್ಗಿಯ ನಂತರ ಆರು ತಿಂಗಳವರೆಗೆ ರಿಯಾಯಿತಿ ಬಡ್ಡಿಯಲ್ಲಿ ಇಂಥ ಸಾಲ ಸಿಗುವ ಯೋಜನೆಯೂ ಇದೆ. ತೊಡಕು ಎಲ್ಲಿದೆಯೆಂದರೆ, ಐದು ಚೀಲದವನು ಒಬ್ಬನೇ ಗೋದಾಮಿಗೆ ಹೋಗಲಾರ. ಐವತ್ತು ಮಂದಿ ಸೇರಿದರೆ ಒಂದು ಲಾರಿ ಮಾಲು, ಒಂದು ಲಾಟು, ಒಂದು ರಸೀದಿ.

ಸೇರುವುದು ಕನ್ನಡಿಗರಿಗೆ ಹೊಸತಲ್ಲ. ಇಲ್ಲಿಂದ ಬಹಳ ದೂರವಿಲ್ಲದ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದರು. ಕರಾವಳಿಯಲ್ಲಿ ಅಡಿಕೆ ಬೆಲೆ ಕುಸಿದಾಗ 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಕ್ಯಾಂಪ್ಕೊ ಹುಟ್ಟಿತು. ದಕ್ಷಿಣ ಕನ್ನಡದ ಬೆಳೆಗಾರರೂ ಕಾಸರಗೋಡಿನ ಬೆಳೆಗಾರರೂ ರಾಜ್ಯದ ಗಡಿ ನೋಡದೆ ಅದರಲ್ಲಿ ಸೇರಿದರು. ಅದು ಬೇಡಿಕೆ ಪತ್ರ ಕೊಟ್ಟು ಸುಮ್ಮನಾಗಲಿಲ್ಲ. ಸ್ವತಃ ಪೇಟೆಗಿಳಿದು ಖರೀದಿಗೆ ನಿಂತಿತು, ದಾಸ್ತಾನು ಮಾಡಿತು. ಅಡಿಕೆಯಂತೆ ಭತ್ತವನ್ನು ವರ್ಷಗಟ್ಟಲೆ ಇಡಲಾಗದು ನಿಜ. ಆದರೆ ದುಡ್ಡು ಮತ್ತು ಗೋದಾಮು ಇಲ್ಲದ ಸಂಘಟನೆ ಬರಿ ಸಭೆಯಾಗಿ ಉಳಿಯುತ್ತದೆ ಎಂಬ ಪಾಠ ಎಲ್ಲ ಬೆಳೆಗೂ ಒಂದೇ. 2002ರ ತಿದ್ದುಪಡಿಯಿಂದ ರೈತರೇ ಒಡೆಯರಾದ ಉತ್ಪಾದಕ ಕಂಪನಿಗಳಿಗೆ ದಾರಿಯಾಯಿತು, 2020ರಲ್ಲಿ ಇಂಥ 10,000 ಸಂಸ್ಥೆಗಳನ್ನು ಕಟ್ಟುವ ಯೋಜನೆ ಬಂತು. ಫಲಕ ಹಾಕಿ, ಗೊಬ್ಬರ ಮಾರಿ ಸುಮ್ಮನಾದರೆ ಅವು ಇನ್ನೊಂದು ಅಂಗಡಿಯಾಗುತ್ತವೆ. ಸದಸ್ಯನ ಮಾಲು ತೂಗಿದ ದಿನವೇ ಅವನ ಕೈಗೆ ಅರ್ಧ ಹಣವನ್ನಾದರೂ ಇಡಬಲ್ಲ ಸಂಸ್ಥೆ ಮಾತ್ರ ಅವನನ್ನು ಉದ್ದರಿಯ ಹಂಗಿನಿಂದ ಬಿಡಿಸಬಲ್ಲದು.

ಆದ್ದರಿಂದ ನಿಮ್ಮ ಊರಿಗೆ ಯಾರಾದರೂ ಮಾರುಕಟ್ಟೆ ಸುಧಾರಣೆಯ ಮಾತು ಹೊತ್ತು ಬಂದರೆ ನಾಲ್ಕು ಪ್ರಶ್ನೆ ಕೇಳಿ. ಒಣಗಿಸಲು ಕಣ ಎಲ್ಲಿ? ತೇವಾಂಶ ಅಳೆಯುವವರು ಯಾರು? ಮಾಲಿಡಲು ಗೋದಾಮು ಎಷ್ಟು ದೂರ? ಮಾಲಿಟ್ಟ ದಿನ ಕೈಗೆ ಎಷ್ಟು ಹಣ ಬರುತ್ತದೆ? ಪಹಣಿ ಇಲ್ಲದ ಲೀಸಿನವನಿಗೂ ಹೆಣ್ಣುಮಗಳಿಗೂ ಇದೇ ಉತ್ತರ ಸಿಗುತ್ತದೆಯೇ ಎಂಬುದನ್ನೂ ಸೇರಿಸಿ ಕೇಳಿ. ಮಾರಿದಾಗಲೆಲ್ಲ ತಕ್‌ಪಟ್ಟಿ ಪಡೆದು ಜೋಪಾನವಾಗಿಡಿ. ತೂಕ, ದರ, ಕಡಿತ ಮೂರೂ ಕಾಗದದ ಮೇಲಿದ್ದರೆ ಮಾತ್ರ ನಾಳೆ ಯಾರ ಮುಂದಾದರೂ ವಾದಿಸಲು ಬಾಯಿ ಬರುತ್ತದೆ, ನಮ್ಮಂಥ ಪತ್ರಿಕೆಯವರಿಗೂ ಬರೆಯಲು ಆಧಾರ ಸಿಗುತ್ತದೆ.